ಮುರುಗಲು ನೀರಿನಲ್ಲಿ ಗಾಲಿ ನೆನೆಸಿದ್ದು

ಆಗ ನನಗೆ ಐವತ್ತೇಳು. ಇದು ಹದಿನೆಂಟು ವರ್ಷದ ಹಿಂದಿನ ಮಾತು. ಕಾರವಾರದ ಬೈತಖೋಲ ದಾಟಿ ಬಿಣಗಾ ಕಡೆ ಹೋಗುವ ರಸ್ತೆಯ ಬದಿಗೆ ಒಂದು ಗುಜರಿ ಅಂಗಡಿ ಇತ್ತು. ಅಲ್ಲಿ ಮೋಟರ್ ಸೈಕಲ್ಲಿನ ಗಾಲಿ ಬಿಚ್ಚುವುದು ನನ್ನ ಕೆಲಸ. ಹೆಂಗಸು ಗಾಲಿ ಬಿಚ್ಚುತ್ತಾಳೆ ಅಂದರೆ ಜನ ನಗುತ್ತಿದ್ದರು. ನಗಲಿ. ನಕ್ಕವರ ಗಾಡಿಯೂ ಒಂದು ದಿನ ಅಲ್ಲಿಗೇ ಬರುತ್ತಿತ್ತು.

ನಾನು ಅವರ್ಸಾದವಳು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಮಕ್ಕಳಿಲ್ಲ. ಮೈದುನನ ಮನೆಗೆ ತಾಗಿದ ಒಂದು ಕೋಣೆಯಲ್ಲಿ ಇರುತ್ತಿದ್ದೆ. ನಡುವೆ ಒಂದು ಗೋಡೆ, ಆ ಗೋಡೆಗೆ ಬಾಗಿಲಿಲ್ಲ. ಬೆಳಿಗ್ಗೆ ಏಳರ ಬಸ್ಸಿಗೆ ಹೋಗುವುದು, ಸಂಜೆಯ ಬಸ್ಸಿಗೆ ಬರುವುದು. ಶಾಲೆಗೆ ಹೋದದ್ದು ಎರಡೇ ವರ್ಷ, ಅಕ್ಷರ ಕೂಡಿಸಿ ಓದುವುದು ಈಗಲೂ ನಿಧಾನ. ಆದರೆ ನಟ್ಟು ತಿರುಗಿಸುವ ಪಾನೆಯ ಮೇಲಿನ ಅಂಕಿ ಓದಲು ಎರಡು ವರ್ಷದ ಶಾಲೆ ಸಾಕಾಯಿತು. ಕೆಲವು ವರ್ಷದ ಮೇಲೆ ಅದೂ ಬೇಕಾಗಲಿಲ್ಲ. ನಟ್ಟಿನ ಮೇಲೆ ಹೆಬ್ಬೆರಳು ಇಟ್ಟರೆ ಹದಿನೇಳೋ ಹತ್ತೊಂಬತ್ತೋ ಗೊತ್ತಾಗುತ್ತಿತ್ತು.

ಗಾಲಿಯಲ್ಲಿ ಕಬ್ಬಿಣವೂ ಇರುತ್ತದೆ, ಅಲ್ಯೂಮಿನಿಯಮ್ಮೂ ಇರುತ್ತದೆ. ಕರಗಿಸುವವರಿಗೆ ಎರಡೂ ಬೇರೆ ಬೇರೆ ಬೇಕು. ಅಲ್ಯೂಮಿನಿಯಮ್ಮಿನ ರಾಶಿಯಲ್ಲಿ ಕಬ್ಬಿಣದ ಬೋಲ್ಟು ಸಿಕ್ಕರೆ ಲಾರಿಯನ್ನೇ ತಿರುಗಿಸಿ ಕಳಿಸುತ್ತಾರೆ. ಅದಕ್ಕೆ ನಾವು ಇದ್ದದ್ದು. ಟಯರು ಕೊಯ್ದು ತೆಗೆಯಬೇಕು, ಅಚ್ಚು ಎಳೆಯಬೇಕು, ಕಡ್ಡಿ ಬಿಡಿಸಬೇಕು, ಬೇರಿಂಗು ಹೊಡೆದು ಉದುರಿಸಬೇಕು.

ಹೇಳುವುದಕ್ಕೆ ಸುಲಭ. ಒಂದು ಗಾಲಿಯನ್ನು ಗಾಡಿಗೆ ಕೂರಿಸುವುದಕ್ಕೆ ಮನುಷ್ಯರಿಗೆ ಎಷ್ಟು ತರಹದ ನಟ್ಟು ಬೇಕು? ಒಂದು ಕಂಪನಿಯವನು ಅಚ್ಚಿನ ತುದಿಗೆ ಹಲ್ಲಿರುವ ನಟ್ಟು ಹಾಕುತ್ತಾನೆ, ಅದರ ಹಲ್ಲಿನ ಸಂದಿಯಲ್ಲಿ ಒಂದು ಪಿನ್ನು ತೂರಿಸಿ ಕಾಲು ಮಡಚಿಡುತ್ತಾನೆ. ಕಡಲ ಗಾಳಿಗೆ ಮೊದಲು ಸಾಯುವುದು ಆ ಪಿನ್ನು. ತುಕ್ಕು ಹಿಡಿದು ಒಳಗೇ ಮುರಿದರೆ ನಟ್ಟು ಅಲ್ಲಾಡುವುದಿಲ್ಲ, ಮೊಳೆ ಹೊಡೆದು ಅದನ್ನು ಚೂರು ಚೂರಾಗಿ ಹೊರಗೆ ತಳ್ಳಬೇಕು. ಇನ್ನೊಬ್ಬ ನಟ್ಟಿನ ಒಳಗೆ ನೈಲಾನಿನ ಬಳೆ ಇಡುತ್ತಾನೆ. ಅದು ಕೊನೆಯ ಸುತ್ತಿನವರೆಗೂ ಕಚ್ಚಿಕೊಂಡೇ ಬರುತ್ತದೆ, ಕೈಯಲ್ಲಿ ತಿರುಗಿಸಿ ತೆಗೆಯುವ ಹಾಗಿಲ್ಲ. ಮತ್ತೊಬ್ಬ ಬೋಲ್ಟಿನ ತಲೆಯ ಕೆಳಗೆ ತಗಡಿನ ಕಿವಿ ಇಟ್ಟು ಅದನ್ನು ಮಡಚುತ್ತಾನೆ. ಕಡ್ಡಿಯ ತುದಿಯ ಸಣ್ಣ ನಟ್ಟುಗಳ ಸುದ್ದಿಯೇ ಬೇಡ, ಒಂದು ಗಾಲಿಗೆ ಮೂವತ್ತಾರು. ಇದನ್ನೆಲ್ಲ ಮಾಡಿದವನು ಹತ್ತು ಮಳೆಗಾಲ ಕಳೆದ ಒಂದು ಗಾಲಿಯನ್ನು ತಾನೇ ಕುಳಿತು ಬಿಚ್ಚಿದ್ದರೆ ಎಲ್ಲದಕ್ಕೂ ಒಂದೇ ತರಹದ್ದು ಇಡುತ್ತಿದ್ದ. ಬಿಚ್ಚುವವರನ್ನು ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಕಾಡುವುದು ಅಚ್ಚು. ಗಾಲಿಯ ನಡುವೆ ಈ ಕಡೆಯಿಂದ ಆ ಕಡೆಗೆ ಹೋಗುವ ಸರಳು ಅದು. ಈ ಕಡೆ ನಟ್ಟು, ಆ ಕಡೆ ತಲೆ. ನಟ್ಟಿಗೆ ತುಕ್ಕು ಹಿಡಿದಿದ್ದರೆ ನೀವು ಇಲ್ಲಿ ತಿರುಗಿಸಿದಷ್ಟೂ ಅಚ್ಚು ಜೊತೆಗೇ ತಿರುಗುತ್ತದೆ. ಇಡೀ ದಿನ ತಿರುಗಿಸಿದರೂ ಅಷ್ಟೇ. ಆ ಕಡೆ ಇನ್ನೊಬ್ಬರು ಕುಳಿತು ತಲೆಯನ್ನು ಪಾನೆಯಲ್ಲಿ ಬಿಗಿಹಿಡಿಯಬೇಕು.

ನನ್ನ ಆ ಕಡೆ ಅರ್ಗಾದವಳು ಕೂರುತ್ತಿದ್ದಳು. ಅರ್ಗಾ ಊರಿನ ಜಾಗ ನೌಕಾನೆಲೆಗೆ ಹೋದ ಮೇಲೆ ಅವರ ಮನೆ ತೋಡೂರಿಗೆ ಬಂದಿತ್ತು, ಆದರೂ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಅರ್ಗಾದವಳು ಅಂತಲೇ ಕರೆಯುತ್ತಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಏಳು ವರ್ಷ ನಾವಿಬ್ಬರು ಒಂದೇ ಗೇರು ಮರದ ಕೆಳಗೆ, ನಡುವೆ ಒಂದು ಗಾಲಿ ಇಟ್ಟುಕೊಂಡು, ಎದುರುಬದುರು ಕುಳಿತೆವು. ಅವಳು ಪಾನಾ ಕೂರಿಸಿ "ಹಿಡ್ದೆ" ಅನ್ನಬೇಕು, ಆಮೇಲೆ ನಾನು ನನ್ನ ಪಾನೆಗೆ ಕಬ್ಬಿಣದ ಪೈಪು ತೊಡಿಸಿ ಮೈಭಾರ ಬಿಡಬೇಕು. ಅದು ನಮ್ಮ ಪದ್ಧತಿ. ಕೆಲವು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ನನ್ನ ಹತ್ತಿರ ಆಡಿದ ಮಾತು ಅದೊಂದೇ ಇರುತ್ತಿತ್ತು. ಅದು ಸಾಕಾಗುತ್ತಿತ್ತು.

ತೀರ ಹಟ ಮಾಡುವ ಕಬ್ಬಿಣದ ನಟ್ಟುಗಳಿಗೆ ಅವಳ ಹತ್ತಿರ ಮದ್ದಿತ್ತು. ಮನೆಯಿಂದ ಬಾಟಲಿಯಲ್ಲಿ ಸಾರಿಗೆ ಹಾಕುವ ಮುರುಗಲು ಹಣ್ಣಿನ ಹುಳಿ ಸಿಪ್ಪೆಯ ನೀರು ತರುತ್ತಿದ್ದಳು. ಅದನ್ನು ಹಾಕಿ ಒಂದು ದಿನ ಬಿಟ್ಟರೆ ತುಕ್ಕು ಕರಗಿ ನಟ್ಟು ಬರುತ್ತಿತ್ತು. ಅದರಲ್ಲಿ ಏನೇನು ಹಾಕುತ್ತಾಳೆ ಅಂತ ನಾನು ಕೇಳಲಿಲ್ಲ. ಮುರುಗಲು ಯಾರ ಮನೆಯಲ್ಲಿಲ್ಲ?

ಅವಳು ಬಿಟ್ಟುಹೋದದ್ದು ಹೀಗೆ. ಒಂದು ಸಂಜೆ ನಾನು ಭಾರ ಬಿಟ್ಟೆ, ಅವಳ ಪಾನಾ ಜಾರಿತು, ಅವಳ ತೋರುಬೆರಳು ಪಾನೆಗೂ ಗಾಲಿ ಹಿಡಿದಿಟ್ಟ ಫೋರ್ಕಿನ ಸರಳಿಗೂ ನಡುವೆ ಸಿಕ್ಕಿತು. ಅವಳು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ನನ್ನ ಮುಖ ನೋಡಿದಳು.

"ನಾ ಹಿಡ್ದೆ ಅಂದಿರ್ಲಿಲ್ಲಾ" ಅಂದಳು.

"ಅಂದೆ. ನಂಗೆ ಕೇಳ್ತು."

"ಅಂದಿರ್ಲಿಲ್ಲಾ."

"ನಿಂಗೆ ನೆನಪಿಲ್ಲಾ" ಅಂದೆ.

ಆಸ್ಪತ್ರೆಗೆ ಅಂಗಡಿಯ ಸಾವ್ಕಾರನೇ ರಿಕ್ಷಾದಲ್ಲಿ ಕಳಿಸಿದ. ಅವಳು ಮತ್ತೆ ಬರಲಿಲ್ಲ. ನಾನೂ ಅವಳನ್ನು ನೋಡಲು ಹೋಗಲಿಲ್ಲ. ಬಸ್ಸು ದಿನಾ ಎರಡು ಸಲ ತೋಡೂರಿನಲ್ಲಿ ನಿಲ್ಲುತ್ತಿತ್ತು, ನಾನು ಇನ್ನೊಂದು ಬದಿಯ ಕಿಟಕಿಗೆ ಕೂರುತ್ತಿದ್ದೆ.

ಆಮೇಲೆ ಒಬ್ಬಳೇ ಬಿಚ್ಚುವುದನ್ನು ಕಲಿತೆ. ಅಚ್ಚಿನ ತಲೆಗೆ ಪಾನಾ ಸಿಕ್ಕಿಸಿ ಅದನ್ನು ಕತ್ತದ ಹಗ್ಗದಲ್ಲಿ ಗೇರು ಮರಕ್ಕೆ ಕಟ್ಟುತ್ತಿದ್ದೆ. ಗಾಲಿಯನ್ನು ಕಾಲಿನಿಂದ ಒತ್ತಿಹಿಡಿಯುತ್ತಿದ್ದೆ. ಮೊದಲು ದಿನಕ್ಕೆ ಹತ್ತು ಗಾಲಿ ಆಗುತ್ತಿದ್ದದ್ದು ಈಗ ನಾಲ್ಕಾಯಿತು. ಮಧ್ಯಾಹ್ನ ಗಂಜಿಯ ಡಬ್ಬಿ ತೆರೆದರೆ ಎದುರಿಗೆ ಯಾರೂ ಇಲ್ಲ. ಸೀಗಡಿ ಚಟ್ನಿ ಜಾಸ್ತಿ ಉಳಿಯುತ್ತಿತ್ತು, ಅದನ್ನು ಕಾಗೆಗೆ ಹಾಕುತ್ತಿದ್ದೆ. ಸಂಜೆ ಕೋಣೆಗೆ ಬಂದು ದೀಪ ಹಾಕಿದಾಗ, ಇವತ್ತು ಬಸ್ಸಿನ ಕಂಡಕ್ಟರನಿಗೆ "ಅವರ್ಸಾ" ಅಂದದ್ದು ಬಿಟ್ಟರೆ ಬಾಯಿ ತೆರೆದೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಅದಕ್ಕೆ ಅಳಲಿಲ್ಲ. ಗೊತ್ತಾಗುತ್ತಿತ್ತು, ಅಷ್ಟೇ.

ಕೂಲಿ ಬೇಕಿದ್ದರೆ ಎಲ್ಲಿಯಾದರೂ ಸಿಗುತ್ತದೆ. ಗದ್ದೆ ನಾಟಿಗೆ ಹೋಗಬಹುದಿತ್ತು, ಸೀಗಡಿ ಸುಲಿಯಲು ಹೋಗಬಹುದಿತ್ತು. ಆದರೆ ಯಾರಾದರೂ ನನ್ನನ್ನು ಕೇಳಿಕೊಂಡು ಬರುವ ಜಾಗ ಅಂತ ಇದ್ದದ್ದು ಆ ಗೇರು ಮರದ ಬುಡ ಒಂದೇ. ಗ್ಯಾರೇಜಿನ ಗಂಡಸರು ತಮಗೆ ಬಾರದ ಗಾಲಿ ಎತ್ತಿಕೊಂಡು ಅಲ್ಲಿಗೆ ಬಂದು "ಇದೊಂದು ನೋಡಿ ಕೊಡು ಅಕ್ಕಾ" ಅನ್ನುತ್ತಿದ್ದರು. ಆ ಮಾತು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಹಾಗಿರುವಾಗ ಸಾವ್ಕಾರ ಹರಾಜಿನಲ್ಲಿ ಒಂದಿಷ್ಟು ಗಾಡಿ ಹಿಡಿದ. ವರ್ಷಗಟ್ಟಲೆ ಕಡಲ ಬದಿಯ ಬಯಲಿನಲ್ಲಿ ಮಳೆಗೆ ನಿಂತ ಗಾಡಿಗಳು. ಅವುಗಳಲ್ಲಿ ನಾಲ್ಕು ಹೊಸ ನಮೂನೆಯವು, ಗಾಲಿಯಲ್ಲಿ ಕಡ್ಡಿಯೇ ಇಲ್ಲ. ಇಡೀ ಗಾಲಿ ಅಲ್ಯೂಮಿನಿಯಮ್ಮಿನ ಎರಕ, ಅಲಾಯ್ ಅನ್ನುತ್ತಾರೆ. ಮುಂದಿನ ಗಾಲಿಗೆ ಬ್ರೇಕಿನ ದೊಡ್ಡ ಕಬ್ಬಿಣದ ತಟ್ಟೆ, ಹಿಂದಿನ ಗಾಲಿಗೆ ಚೈನು ಕೂರುವ ಹಲ್ಲಿನ ಚಕ್ರ. ಎರಡನ್ನೂ ಎರಕಕ್ಕೆ ಹಿಡಿದಿಟ್ಟದ್ದು ಗಾಲಿಗೆ ಐದರ ಹಾಗೆ ಬೋಲ್ಟುಗಳು. ಅವುಗಳ ತಲೆಗೆ ಹೊರಗಿನಿಂದ ಪಾನಾ ಹಿಡಿಯುವ ಹಾಗೇ ಇಲ್ಲ. ತಲೆ ಗುಂಡಗೆ, ನಡುವೆ ಒಂದು ಆರು ಮೂಲೆಯ ತೂತು. ಅದಕ್ಕೆ ಬೇರೆಯೇ ಒಂದು ಬಾಗಿದ ಕಡ್ಡಿ ಬೇಕು, ಅಲೆನ್ ಕೀ.

ಸಾವ್ಕಾರ ಕಾರವಾರದವನು, ಮನೆಯಲ್ಲಿ ಕೊಂಕಣಿ. ಅವರಲ್ಲಿ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಿ ಅಂತ ಕರೆಯುತ್ತಿದ್ದ. ಸೊಂಟಕ್ಕೆ ಕೈ ಇಟ್ಟುಕೊಂಡು ಮರದ ಹತ್ತಿರ ಬಂದ.

"ಬಾಯಿ, ಎಂಟು ಗಾಲಿ. ಬರೂ ಮಂಗಳವಾರ ಹುಬ್ಬಳ್ಳಿ ಲಾರಿ ಬರ್ತದೆ. ಆಗ್ತದಾ ನಿನ್ ಹತ್ರ?"

"ಆಗ್ತದೆ."

"ಆಗುದಿಲ್ಲಾ ಅಂದ್ರೆ ಈಗ್ಲೇ ಹೇಳು. ಲಾರಿಯವ್ರ ಹತ್ರ ಗ್ಯಾಸಿಂದ ಕೊಯ್ಯುವ ಒಬ್ಬ ಇದ್ದಾನೆ. ಅವ ಬಂದಾ ಅಂದ್ರೆ ಗಾಲಿ ಕೆಲ್ಸ ಮತ್ತೆ ಅವಂದೇ. ನಾ ಇಬ್ರನ್ನ ಇಟ್ಕೊಳ್ಳೂಕೆ ಆಗುದಿಲ್ಲಾ."

"ನನ್ ಗಾಲಿಗೆ ಬೆಂಕಿ ಇಡೂಕೆ ಅವ ಎಂತಕೆ?" ಅಂದೆ.

ಅವನು ನಕ್ಕ. "ನಿಂಗೆ ಮಾತಿಗೇನ್ ಕಮ್ಮಿ ಇಲ್ಲಾ" ಅಂದು ಹೋದ. ಅವನಿಗೆ ಗೊತ್ತಿರಲಿಲ್ಲ, ಆ ವಾರದಲ್ಲಿ ನಾನು ಆಡಿದ ಉದ್ದದ ಮಾತು ಅದೇ ಅಂತ.

ಮೊದಲ ದಿನ ಅಲೆನ್ ಕೀ ಹಾಕಿ ತಿರುಗಿಸಿದೆ. ಮೊದಲ ಬೋಲ್ಟಿನಲ್ಲೇ ಕೀ ಜಾರಿ ತೂತಿನ ಮೂಲೆಗಳು ಸವೆದವು. ಆರು ಮೂಲೆಯ ತೂತು ದುಂಡಗಾಯಿತು. ದುಂಡಗಿನ ತೂತಿನಲ್ಲಿ ಯಾವ ಕೀಲಿಯೂ ನಿಲ್ಲುವುದಿಲ್ಲ. ಬೋಲ್ಟು ಸಡಿಲವಾಗದ ಹಾಗೆ ಕಾರ್ಖಾನೆಯಲ್ಲೇ ನೀಲಿ ಅಂಟು ಬೇರೆ ಹಚ್ಚಿದ್ದರು. ಎರಡನೆಯ ದಿನ ಉಳಿ ಇಟ್ಟು ಹೊಡೆದೆ. ಮೂರನೆಯ ದಿನ ತೆಂಗಿನ ಚಿಪ್ಪಿನ ಕೆಂಡ ಮಾಡಿ ಬೋಲ್ಟಿನ ಮೇಲೆ ಇಟ್ಟೆ. ಅಲ್ಯೂಮಿನಿಯಮ್ ಬಿಸಿಯನ್ನೆಲ್ಲ ಕುಡಿದು ಬಿಟ್ಟಿತು, ಬೋಲ್ಟು ಬೆಚ್ಚಗೂ ಆಗಲಿಲ್ಲ. ಶುಕ್ರವಾರದ ತನಕ ಒಟ್ಟು ಬಂದದ್ದು ಎರಡು ಬೋಲ್ಟು. ಇನ್ನೂ ಮೂವತ್ತೆಂಟು ಇದ್ದವು.

ಶನಿವಾರ ಮುರುಗಲು ನೆನಪಾಯಿತು. ಬಾಟಲಿ ತರುವವಳು ಇರಲಿಲ್ಲ, ನಾನೇ ಮಾಡಿದೆ. ನನಗೆ ಗೊತ್ತಿದ್ದ ಮದ್ದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು. ತಾಮ್ರದ ಹಂಡೆ ತಿಕ್ಕುವಾಗ ಮುರುಗಲು ಸಿಪ್ಪೆಗೆ ಕೈತುಂಬ ಉಪ್ಪು ಸೇರಿಸುತ್ತೇವೆ, ಹಂಡೆ ಹೊಸ ಮದುವಣಗಿತ್ತಿಯ ಹಾಗೆ ಹೊಳೆಯುತ್ತದೆ. ಅಂಗಡಿಯಲ್ಲಿ ನೀಲಿ ಪ್ಲಾಸ್ಟಿಕ್ಕಿನ ಡ್ರಮ್ಮುಗಳಿದ್ದವು. ಎರಡನ್ನು ಅಡ್ಡಡ್ಡ ಕೊಯ್ದು ನಾಲ್ಕು ತೊಟ್ಟಿ ಮಾಡಿದೆ. ಎರಡು ಸೇರು ಮುರುಗಲು, ನಾಲ್ಕು ಸೇರು ಹರಳುಪ್ಪು. ಸಾಲದು ಅನ್ನಿಸಿ ನೀರನ್ನೂ ಕಡಲಿನದೇ ಹೊತ್ತು ತಂದು ಹಾಕಿದೆ. ತೊಟ್ಟಿಗೆ ಎರಡರ ಹಾಗೆ ಎಂಟೂ ಗಾಲಿ ಮುಳುಗಿಸಿದೆ. ಭಾನುವಾರ ರಜೆ. ಒಂದೂವರೆ ದಿನ ನೆನೆದರೆ ತಾನಾಗಿ ಬರುತ್ತವೆ ಅಂದುಕೊಂಡೆ.

ಆ ಭಾನುವಾರ ನಾನು ಕೋಣೆಯಿಂದ ಹೊರಗೆ ಹೋಗಲೇ ಇಲ್ಲ. ಗೋಡೆಯ ಆಚೆ ಮೈದುನನ ಮನೆಗೆ ನೆಂಟರು ಬಂದಿದ್ದರು, ಬಂಗಡೆ ಹುರಿಯುವ ವಾಸನೆ ಬರುತ್ತಿತ್ತು. ನಾನು ಮಲಗಿಕೊಂಡು ಬೋಲ್ಟು ಎಣಿಸಿದೆ.

ಸೋಮವಾರ ಹೋಗಿ ನೋಡಿದರೆ ತೊಟ್ಟಿಯ ನೀರು ಮಸಿಯ ಹಾಗೆ ಕಪ್ಪಾಗಿತ್ತು, ಮೇಲೆ ನೊರೆ. ಗಾಲಿ ಎತ್ತಿದೆ. ಬೆಳ್ಳಗಿದ್ದ ಎರಕವೆಲ್ಲ ಬೂದು ಬಣ್ಣ, ಮೈತುಂಬ ತೂತು ತೂತು. ಒಂದೊಂದು ಬೋಲ್ಟಿನ ಸುತ್ತಲೂ ಅಕ್ಕಿ ಹಿಟ್ಟು ಮೆತ್ತಿದ ಹಾಗೆ ಬಿಳಿ ಪುಡಿ. ಕಬ್ಬಿಣದ ತುಕ್ಕೇನೋ ಹೋಗಿತ್ತು. ಆದರೆ ಆ ಬಿಳಿ ಪುಡಿ ಸಂದಿಯಲ್ಲಿ ಉಬ್ಬಿ ಬೋಲ್ಟನ್ನು ಮೊದಲಿಗಿಂತ ಬಿಗಿಯಾಗಿ ಹಿಡಿದಿತ್ತು. ಸುತ್ತಿಗೆಯಿಂದ ಹೊಡೆದೆ. ಒಂದರ ತಲೆ ಹಾರಿತು, ಬುಡ ಒಳಗೇ ಉಳಿಯಿತು. ಇನ್ನೊಂದಕ್ಕೂ ಹಾಗೇ. ಸಾವ್ಕಾರ ಆ ದಿನ ಊರಲ್ಲಿರಲಿಲ್ಲ. ಗಾಲಿಗಳನ್ನು ಮರದ ಹಿಂದೆ ಒಯ್ದು ಮೇಲೆ ಹಳೆಯ ತಾಡಪಾಲು ಮುಚ್ಚಿದೆ. ಬೆಕ್ಕು ತನ್ನ ಹೊಲಸು ಮುಚ್ಚಿದ ಹಾಗೆ.

ಸಂಜೆ ಬಸ್ಸಿನಲ್ಲಿ ಕುಳಿತವಳು ತೋಡೂರಿನಲ್ಲಿ ಇಳಿದೆ. ಇಳಿಯಬೇಕು ಅಂತ ಯೋಚಿಸಿ ಇಳಿದದ್ದಲ್ಲ. ನಾಳೆಯೊಳಗೆ ಮೂವತ್ತು ಚಿಲ್ಲರೆ ಬೋಲ್ಟು ಬಿಚ್ಚುವುದು ಒಬ್ಬಳಿಂದ ಆಗುವ ಮಾತಲ್ಲ, ಅಷ್ಟೇ ಗೊತ್ತಿದ್ದದ್ದು.

ಅರ್ಗಾದವಳ ಮನೆಗೆ ಹೊಸ ಸಿಮೆಂಟಿನ ಮೆಟ್ಟಿಲು. ಅವಳು ಮೆಟ್ಟಿಲ ಮೇಲೆ ಕುಳಿತು ಹರಿವೆ ಸೊಪ್ಪು ಸೋಸುತ್ತಿದ್ದಳು. ಎದ್ದೇಳಲಿಲ್ಲ.

"ದಾರಿ ಗೊತ್ತಿತ್ತಾ?" ಅಂದಳು.

"ಬಸ್ಸಿಗೆ ಗೊತ್ತಿತ್ತು."

"ಕೂತ್ಕ. ನಿಂತ್ರೆ ನಂಗೆ ಕುತ್ತಿಗೆ ನೋಯ್ತದೆ."

ಕೂತೆ. ಅವಳು ಒಳಗೆ ಕೂಗಿ ಸೊಸೆಗೆ ಚಾ ಹೇಳಿದಳು. ನಾನು ಗಾಲಿಯ ಸುದ್ದಿ ಎಲ್ಲ ಹೇಳಿದೆ. ಎರಕ, ಅಂಟು, ಕೆಂಡ. ಮುರುಗಲು ಅಂದ ಕೂಡಲೇ ಅವಳ ಕೈ ನಿಂತಿತು.

"ಉಪ್ಪು ಹಾಕ್ದ್ಯಾ?"

"ಹಾಕ್ದೆ."

"ಎಷ್ಟು?"

"ನಾಲ್ಕು ಸೇರು. ನೀರೂ ಕಡಲಿಂದೇ."

ಅವಳು ನಗಲು ಸುರು ಮಾಡಿದಳು. ಸೊಪ್ಪಿನ ಮೊರ ತೊಡೆಯಿಂದ ಜಾರುವಷ್ಟು ನಕ್ಕಳು. "ಏ ಮಾರಾಯ್ತಿ, ಗಾಲಿ ಬಿಚ್ಚೂಕೆ ಹೋದ್ಯಾ ಉಪ್ಪಿನಕಾಯಿ ಹಾಕೂಕೆ ಹೋದ್ಯಾ?"

"ನೀ ಹಾಕ್ತಿದ್ದೆ ಅಂದ್ಕಂಡೆ."

"ನಾ ಎಂತಕೆ ಹಾಕ್ಲಿ? ಉಪ್ಪೇ ಅಲ್ವಾ ಅದನ್ನ ತಿಂದದ್ದು. ನಾ ಬರೀ ಸಿಪ್ಪೆ ಕುದ್ಸಿ, ನಟ್ಟಿಗೆ ಮಾತ್ರ ಬಟ್ಟೆ ಸುತ್ತಿ ಬಿಡ್ತಿದ್ದೆ. ಅದೂ ಕಬ್ಬಿಣಕ್ಕೆ. ಏಳು ವರ್ಸ ಎದ್ರಿಗೆ ಕೂತವ್ಳು, ಒಂದ್ಸಲಾನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಸೊಸೆ ಚಾ ತಂದಿಟ್ಟು ಹೋದಳು. ಅರ್ಗಾದವಳು ಲೋಟವನ್ನು ಹೆಬ್ಬೆರಳು ಮತ್ತು ಕೊನೆಯ ಮೂರು ಬೆರಳಿನಲ್ಲಿ ಎತ್ತಿದಳು. ತೋರುಬೆರಳು ಮಡಚದೆ ಮುಂದಕ್ಕೆ ನೆಟ್ಟಗೆ ನಿಂತಿತ್ತು.

"ಎರಡು ದಿನಕ್ಕೆ ಬಾ" ಅಂದೆ. "ಎರಡೇ ದಿನ. ಲಾರಿಯವನ್ನ ಹೆಂಗಾದ್ರೂ ಮಾಡಿ ಒಂದ್ ದಿನ ನಿಲ್ಲಿಸ್ತೆ. ಇಲ್ದಿದ್ರೆ ಕೆಲ್ಸ ಹೋಗ್ತದೆ ನಂದು."

"ಮೊದ್ಲು ಒಂದ್ ಹೇಳು. ಅವತ್ತು ನಾ ಹಿಡ್ದೆ ಅಂದಿದ್ನಾ?"

ರಸ್ತೆಯಲ್ಲಿ ನೇವಿಯ ಎರಡು ಟ್ರಕ್ಕು ಹೋದವು. ಅವತ್ತು ಬಸ್ಸಿಗೆ ಹೊತ್ತಾಗುತ್ತಿತ್ತು. ಒಂದು ಗಾಲಿ ಮುಗಿಸಿ ಹೋಗಬೇಕಿತ್ತು. ಅವಳ ಪಾನಾ ಕೂತಿದೆಯೋ ಇಲ್ಲವೋ ಅಂತ ನಾನು ಕಾಯಲಿಲ್ಲ. ಅದು ನನಗೆ ಆ ಕ್ಷಣದಲ್ಲೇ ಗೊತ್ತಿತ್ತು.

"ಅಂದಿರ್ಲಿಲ್ಲಾ" ಅಂದೆ.

"ಹಂ" ಅಂದಳು. ಸೊಪ್ಪಿನ ಮೊರ ಮತ್ತೆ ತೊಡೆಗೆ ಎಳೆದುಕೊಂಡಳು. "ಒಂದ್ ವರ್ಸ ಆಯ್ತು. ಮನೇಲಿ ಎಲ್ಲರೂ, ನೀನೇ ಸರಿ ಹಿಡೀಲಿಲ್ಲಾ ಅಂದ್ರು. ನಂಗೂ ಹಂಗೇ ಅನ್ಸೂಕೆ ಹಿಡ್ದಿತ್ತು."

"ಬತ್ಯಾ?"

"ಬರೂಕಾಗುದಿಲ್ಲಾ. ಸಿಟ್ಟಿಂದ ಅಲ್ಲಾ. ನೋಡು." ಅವಳು ಕೈ ಮುಷ್ಟಿ ಮಾಡಲು ನೋಡಿದಳು. ಆ ಬೆರಳು ಹೊರಗೇ ಉಳಿಯಿತು. "ಪಾನಾ ನಿಲ್ಲುದಿಲ್ಲಾ. ಸೊಪ್ಪು ಸೋಸೂಕೆ ಅಡ್ಡಿಲ್ಲಾ."

ಚಾ ಕುಡಿದು ಲೋಟ ಮಗುಚಿಟ್ಟೆ. ಅವಳು ಮೆಟ್ಟಿಲಿನಿಂದಲೇ "ಅವ ನೋಡೂಕಿಂತ ಮೊದ್ಲೇ ನೀನೇ ಹೇಳ್ಬಿಡು" ಅಂದಳು. ಮುಂದಿನ ಬಸ್ಸು ಬರಲು ಮುಕ್ಕಾಲು ಗಂಟೆ ಇತ್ತು. ಅವಳ ಮನೆಯಿಂದ ಕಾಣುವ ನಿಲ್ದಾಣದಲ್ಲೇ ನಿಂತಿದ್ದೆ. ಅವಳು ಸೊಪ್ಪು ತೆಗೆದುಕೊಂಡು ಒಳಗೆ ಹೋದಳು.

ಮಂಗಳವಾರ ಬೆಳಿಗ್ಗೆ ಸಾವ್ಕಾರ ಬಾಗಿಲು ತೆಗೆಯುವ ಹೊತ್ತಿಗೇ ಅವನನ್ನು ಮರದ ಹಿಂದೆ ಕರೆದುಕೊಂಡು ಹೋಗಿ ತಾಡಪಾಲು ಎಳೆದೆ.

"ಇದೆಂತ ಬಾಯಿ?"

"ನಾನೇ ಮಾಡಿದ್ದು. ಉಪ್ಪು ಹಾಕಿ ಹಾಳು ಮಾಡ್ದೆ. ಬೋಲ್ಟು ಬರ್ಲಿಲ್ಲಾ."

ಅವನು ಬಗ್ಗಿ ಒಂದು ಗಾಲಿ ಎತ್ತಿ ನೋಡಿದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಿಸೆಯಿಂದ ಮೊಬೈಲು ತೆಗೆದು ಲಾರಿಯವನಿಗೆ ಗ್ಯಾಸಿನವನನ್ನೂ ಕರೆದುಕೊಂಡು ಬಾ ಅಂದ.

ಅವರು ಮಧ್ಯಾಹ್ನ ಬಂದರು. ಹುಬ್ಬಳ್ಳಿಯವನು ಗಾಲಿಯ ಮೇಲೆ ಉಗುರಿನಿಂದ ಕೆರೆದು ನೋಡಿದ.

"ಬಣ್ಣಾ ಕರ್ರಗಾದ್ರ ಏನಾತ್ರೀ" ಅಂದ. "ಕರಗಿಸಿದ ಮ್ಯಾಲೆ ಎಲ್ಲಾ ಒಂದs."

ನಾನು ತಾಡಪಾಲು ಹಾಕಿ ಮುಚ್ಚಿಟ್ಟದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ಗ್ಯಾಸಿನವನು ಕಪ್ಪು ಕನ್ನಡಕ ಹಾಕಿ ಕುಳಿತ. ಒಂದು ಬೋಲ್ಟಿನ ತಲೆ ಸುಟ್ಟು ಹಾರಿಸಲು ಅವನಿಗೆ ನಾನು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಬೇಕಾಗಲಿಲ್ಲ. ತಲೆ ಹೋದ ಮೇಲೆ ತಟ್ಟೆ ತಾನಾಗಿ ಬಿತ್ತು, ಒಳಗೆ ಉಳಿದ ಬುಡ ಬೆಂಕಿಗೆ ಸಡಿಲಾದದ್ದನ್ನು ಇಕ್ಕಳದಲ್ಲಿ ತಿರುಗಿಸಿ ತೆಗೆದ. ಅದು ಅಲೆನ್ನೋ ಹಲ್ಲಿನದೋ, ಅಂಟು ಹಚ್ಚಿದ್ದಾರೋ ಇಲ್ಲವೋ, ಅವನು ನೋಡಲೇ ಇಲ್ಲ. ಅವನಿಗೆ ಎಲ್ಲ ನಟ್ಟೂ ಒಂದೇ. ಆ ಕಡೆ ಹಿಡಿಯಲು ಅವನಿಗೆ ಯಾರೂ ಬೇಕಾಗಿರಲಿಲ್ಲ. ನಾಲ್ಕು ಗಂಟೆಗೆ ಎಂಟೂ ಗಾಲಿ ಲಾರಿಯಲ್ಲಿದ್ದವು.

ಲಾರಿ ಹೋದ ಮೇಲೆ ಸಾವ್ಕಾರ ಕುರ್ಚಿ ಎಳೆದುಕೊಂಡು ಕುಳಿತ. "ಬಾಯಿ, ಅಲಾಯ್ ಎಲ್ಲಾ ಇನ್ಮುಂದೆ ಅವಂಗೆ. ತಿಂಗ್ಳಿಗೆ ಎರಡ್ಸಲ ಬರ್ತಾನಂತೆ. ಕಡ್ಡಿ ಗಾಲಿಗೆ ಗ್ಯಾಸ್ ಸುಡೂದು ಅವಂಗೆ ಪೂರೈಸುದಿಲ್ಲಾ. ಅದು ಬೇಕಾದ್ರೆ ನೀ ಮಾಡು. ಎಷ್ಟು ದಿನ ಬರ್ತದೋ ಗೊತ್ತಿಲ್ಲಾ, ಹಳೇ ಗಾಡಿ ಕಮ್ಮಿ ಆಗ್ತಾ ಬಂತು."

"ಆಯ್ತು" ಅಂದೆ.

"ದಿನಕ್ಕೆ ನಾಲ್ಕಲ್ಲಾ ಮತ್ತೆ. ಏಳಾದ್ರೂ ಆಗ್ಬೇಕು."

"ಆಯ್ತು ಅಂದ್ನಲ್ಲಾ."

ಮರುದಿನ ಬೆಳಿಗ್ಗೆ ಏಳರ ಬಸ್ಸಿಗೇ ಹೋದೆ. ಗುಜರಿಯ ರಾಶಿಯ ಹಿಂದೆ ಟ್ರಾಲರಿನ ಇಂಜಿನ್ ರಿಪೇರಿಯವರು ಹಾಕಿಹೋದ ಒಂದು ವೈಸ್ ಬಿದ್ದಿತ್ತು, ವಸ್ತುವನ್ನು ಕಚ್ಚಿಹಿಡಿಯುವ ದೊಡ್ಡ ಕಬ್ಬಿಣದ ದವಡೆ. ಅರ್ಗಾದವಳು ಬಿಟ್ಟಾಗಲೇ ಸಾವ್ಕಾರ ಅದನ್ನು ಹಾಕಿಕೋ ಅಂದಿದ್ದ, ನಾನು ಬೇಡ ಅಂದಿದ್ದೆ. ಅದನ್ನು ಎಳೆದು ತಂದೆ. ಗೇರು ಮರದ ಕೆಳಗೆ ಅವಳು ಕೂರುತ್ತಿದ್ದ ಜಾಗದಲ್ಲಿ ಒಂದು ದಪ್ಪ ಕೊರಡು ಹೂತು, ಅದರ ಮೇಲೆ ವೈಸ್ ಇಟ್ಟು ನಾಲ್ಕು ಬೋಲ್ಟು ಬಿಗಿದೆ. ಒಂದು ಕಡ್ಡಿ ಗಾಲಿ ಉರುಳಿಸಿಕೊಂಡು ಬಂದು ಅಚ್ಚಿನ ತಲೆಯನ್ನು ಅದರ ಬಾಯಿಗೆ ಕೊಟ್ಟು ಬಿಗಿಮಾಡಿ, ಈ ಕಡೆ ಬಂದು ಕುಳಿತು ತಿರುಗಿಸಿದೆ. ಹತ್ತು ಗಂಟೆಯೊಳಗೆ ಮೂರು ಗಾಲಿ ಆಯಿತು.